ಕಡಬದ ಚುಕ್ಕೆ ಕೆಂಪಾಗುವ ಮೊದಲು

ನಲವತ್ತು ದಾಟುವವರೆಗೆ ನನಗೆ ಹೊಟ್ಟೆಕಿಚ್ಚಿನ ಪರಿಚಯ ಅಷ್ಟಾಗಿ ಇರಲಿಲ್ಲ. ನೆರೆಮನೆಯವರ ಕಾರು, ವಾರಗಿತ್ತಿಯ ಬಳೆ, ತಂಗಿಯ ಮನೆಯ ಹೊಸ ಅಡುಗೆಕೋಣೆ, ಯಾವುದೂ ನನ್ನ ನಿದ್ದೆ ಕೆಡಿಸಿದ್ದಿಲ್ಲ. ಕೆಡಿಸಿದ್ದು ಒಂದು ಫೋನು. ಅದೂ ನನ್ನ ಪಕ್ಕದ ಮೇಜಿನವಳ, ಗಾಜು ಬಿರುಕುಬಿಟ್ಟ ಹಳೆಯ ಮೊಬೈಲು. ನನಗೆ ತಿಳಿಯಬೇಕಾದದ್ದೆಲ್ಲ ಅದಕ್ಕೆ ಮೊದಲು ತಿಳಿಯುತ್ತಿತ್ತು.

ಪುತ್ತೂರಿನ ದರ್ಬೆಯಲ್ಲಿ ಮುಖ್ಯರಸ್ತೆಗೆ ಮುಖಮಾಡಿದ ಕಟ್ಟಡವೊಂದರ ಮಹಡಿಯಲ್ಲಿ ನಮ್ಮ ಆಫೀಸು. ಕೆಳಗೆ ಒಂದು ಬೇಕರಿ ಇರುವುದರಿಂದ ಬೆಳಗ್ಗಿನ ಹೊತ್ತು ನಮ್ಮ ಕಂಪ್ಯೂಟರುಗಳಿಗೂ ಬಿಸಿ ಬನ್ನಿನ ವಾಸನೆ. ನಾವು ಏನು ಮಾಡುತ್ತೇವೆ ಎಂದು ಮನೆಯವರು ಕೇಳಿದರೆ ನಾನು ಹೀಗೆ ಹೇಳುವುದುಂಟು: ಊರಿನ ಸಣ್ಣಪುಟ್ಟ ಅಂಗಡಿ, ಸಂಘ, ಕ್ಲಿನಿಕ್ಕಿನವರು ಇಂಟರ್ನೆಟ್ಟಿನಲ್ಲಿ ತೆರೆದಿಟ್ಟ ಬಾಗಿಲುಗಳನ್ನು ನಾವು ಕಾಯುತ್ತೇವೆ. ಬಾಗಿಲು ತೆರೆದೇ ಇದೆಯೇ ಎಂದು ನೋಡುವುದು ಒಂದು ಕೆಲಸ. ಅದರ ಬೀಗ ಗಟ್ಟಿಯಿದೆಯೇ ಎಂದು ನೋಡುವುದು ಇನ್ನೊಂದು. ಕಳ್ಳರು ಹೊಸ ಕೀಲಿಕೈ ಮಾಡುತ್ತಲೇ ಇರುತ್ತಾರೆ, ಆದ್ದರಿಂದ ಸರ್ವರಿನ ರಕ್ಷಣೆಗೆ ಹಾಕಿದ ಸಾಫ್ಟ್‌ವೇರನ್ನು ನಾವೂ ಹೊಸದು ಮಾಡುತ್ತಲೇ ಇರಬೇಕು. ಇದಕ್ಕೆ ಅಪ್‌ಡೇಟ್ ಎನ್ನುತ್ತೇವೆ. ಕೇಳಿದವರು ತಲೆಯಾಡಿಸಿ, ಹಾಗಾದರೆ ನನ್ನ ಮೊಬೈಲ್ ಯಾಕೆ ನಿಧಾನ ಎಂದು ಕೇಳುತ್ತಾರೆ.

ಈ ಆಫೀಸಿಗೆ ಬರುವ ಮೊದಲು ನಾನು ಪುತ್ತೂರಿನ ಒಂದು ತರಬೇತಿ ಕೇಂದ್ರದಲ್ಲಿ ಕಂಪ್ಯೂಟರ್ ಕಲಿಸುತ್ತಿದ್ದೆ. ಈಗ ನಮ್ಮ ಗಿರಾಕಿಗಳ ಆಫೀಸಿನಲ್ಲಿ ಕುಳಿತಿರುವ ಗುಮಾಸ್ತರಲ್ಲಿ ಎಷ್ಟೋ ಮಂದಿ ನನ್ನ ಕೈಯಲ್ಲಿ ಬೈಸಿಕೊಂಡು ಟೈಪಿಂಗ್ ಕಲಿತವರು. ಹಾಗಾಗಿ ನಾನು ಎಲ್ಲರಿಗೂ ಮೇಡಂ. ನಮ್ಮ ಧಣಿ ಕೂಡ ನನ್ನನ್ನು ಮೇಡಂ ಎಂದೇ ಕರೆಯುತ್ತಾರೆ. ಮೊದಮೊದಲು ಅದು ನನಗೆ ಬಹಳ ಹಿತವಾಗಿತ್ತು, ಸುಳ್ಳು ಯಾಕೆ ಹೇಳಲಿ.

ಆಫೀಸಿನ ಗೋಡೆಯ ಮೇಲೆ ಒಂದು ದೊಡ್ಡ ಪರದೆ ಇದೆ. ಅದರಲ್ಲಿ ಒಬ್ಬೊಬ್ಬ ಗಿರಾಕಿಗೆ ಒಂದೊಂದು ಚುಕ್ಕೆ. ಅವರ ವೆಬ್ ಪೇಜು ತೆರೆಯುತ್ತಿದ್ದರೆ ಹಸಿರು, ತೆರೆಯದಿದ್ದರೆ ಕೆಂಪು. ಈ ಪರದೆಯನ್ನು ಹಾಕಿಸಿದವಳು ನಾನು. ಯಾವ ಚುಕ್ಕೆ ಎಲ್ಲಿರಬೇಕು ಎಂದು ಊರಿನ ನಕ್ಷೆಯ ಹಾಗೆ ಜೋಡಿಸಿದವಳೂ ನಾನು. ಮೂಡು ದಿಕ್ಕಿಗೆ ನೆಟ್ಟಣದ ರೈಲು ನಿಲ್ದಾಣದ ಹತ್ತಿರದ ವಸತಿಗೃಹ, ಅದರ ಈಚೆ ಕಡಬದ ರಬ್ಬರ್ ಮಾರುವವರ ಸಣ್ಣ ಸಂಘ, ಕೆಳಗೆ ಸುಳ್ಯದ ಕ್ಲಿನಿಕ್ಕು, ನಡುವೆ ಉಪ್ಪಿನಂಗಡಿಯ ಅಂಗಡಿ. ಆ ಅಂಗಡಿಯ ಪೇಜಿನಲ್ಲಿ ಗಲ್ಫಿನಲ್ಲಿರುವ ಮಕ್ಕಳು ಮನೆಗೆ ಬೇಕಾದ ಅಕ್ಕಿ, ಎಣ್ಣೆ, ಫ್ಯಾನು ಎಲ್ಲ ಅಲ್ಲಿಂದಲೇ ಕಳಿಸುತ್ತಾರೆ. ನಮ್ಮ ದರ್ಬೆ ಪಡುವಣ ತುದಿಯಲ್ಲಿ.

ಗುಡುಗಿನ ಕಾಲದಲ್ಲಿ ಈ ಪರದೆಯ ಸೊಗಸೇ ಬೇರೆ. ನಮ್ಮ ಕಡೆ ಗುಡುಗಿನ ಸದ್ದು ಕೇಳಿದ ಕೂಡಲೇ ಜನ ಮಾಡುವ ಮೊದಲ ಕೆಲಸ ಪ್ಲಗ್ ಕೀಳುವುದು. ಟಿವಿ, ಫ್ರಿಜ್ಜು, ಪಂಪು, ಮೋಡೆಮ್, ಯಾವುದನ್ನೂ ಬಿಡುವುದಿಲ್ಲ. ಸಿಡಿಲಿಗೆ ಒಮ್ಮೆ ಮೋಡೆಮ್ ಸುಟ್ಟ ಮನೆಯವರಿಗೆ ಮೋಡ ಕಂಡರೂ ಸಾಕು. ಗಿರಾಕಿಗಳ ಸರ್ವರಿನ ಪಾಡೂ ಅದೇ. ಯಂತ್ರವನ್ನು ಬೇರೆ ಎಲ್ಲಾದರೂ ಇಡೋಣ ಎಂದರೆ ಅವರು ಒಪ್ಪುವವರಲ್ಲ, ಕಣ್ಣೆದುರು ಇರಬೇಕು. ಹಾಗಾಗಿ ಬೇಸಗೆಯ ಸಂಜೆ ಘಟ್ಟದ ಕಡೆ ಮೋಡ ಕಟ್ಟಿತೆಂದರೆ ಮೊದಲು ನೆಟ್ಟಣದ ಚುಕ್ಕೆ ಕೆಂಪು. ಸ್ವಲ್ಪ ಹೊತ್ತಿಗೆ ಕಡಬ. ಆಮೇಲೆ ಉಪ್ಪಿನಂಗಡಿ. ಗುಡುಗು ಬಸ್ಸಿನಲ್ಲಿ ಕೂತು ಪುತ್ತೂರಿಗೆ ಬರುವುದನ್ನು ನಾನು ಕುರ್ಚಿಯಲ್ಲಿ ಕೂತೇ ನೋಡುತ್ತಿದ್ದೆ. ಕೆಳಗಿನ ಬೇಕರಿಯವರು ಮೆಟ್ಟಿಲ ಬುಡದಲ್ಲಿ ನಿಂತು, "ಮೇಡಂ, ಎಲ್ಲಿಗೆ ಮುಟ್ಟಿತು?" ಎಂದು ಕೇಳುತ್ತಿದ್ದರು. "ಉಪ್ಪಿನಂಗಡಿ ದಾಟಿತು, ಒಲೆಯ ಪ್ಲಗ್ ತೆಗೀರಿ" ಎನ್ನುತ್ತಿದ್ದೆ. ಒಮ್ಮೆಯೂ ತಪ್ಪಿದ್ದಿಲ್ಲ. ಇಡೀ ಸೀಮೆಯ ಆಕಾಶ ನನ್ನ ಕೈಯಲ್ಲಿದ್ದ ಹಾಗೆ ನಾನು ಬೀಗುತ್ತಿದ್ದೆ.

ಆಮೇಲೆ ನನ್ನ ಪಕ್ಕದ ಮೇಜಿಗೆ ಸುಳ್ಯದವಳು ಬಂದಳು.

ಅವಳು ಸುಳ್ಯದ ಕಡೆಯ ಬೇಸಾಯಗಾರರ ಮನೆಯವಳು. ನನಗಿಂತ ಹತ್ತು ಹದಿನೈದು ವರ್ಷ ಚಿಕ್ಕವಳು. ಮನೆಯಲ್ಲಿ ಅರೆಭಾಷೆ, ಬಸ್ಸಿನಲ್ಲಿ ತುಳು, ಉಪ್ಪಿನಂಗಡಿಯ ಅಂಗಡಿಯವರ ಹತ್ತಿರ ಬ್ಯಾರಿ, ಗಡಿಯಾಚೆಯ ಗಿರಾಕಿಗಳ ಹತ್ತಿರ ಮಲಯಾಳ. ಕೆಲಸದಲ್ಲಿ ನನ್ನಷ್ಟೇ ಗಟ್ಟಿ, ಅದನ್ನು ಹೇಳುವಾಗ ನನ್ನ ನಾಲಿಗೆ ಸ್ವಲ್ಪ ಒಣಗುತ್ತದೆ. ಆದರೆ ಅವಳು ಕೆಲಸ ಮಾಡುವ ರೀತಿ ನನಗೆ ಮೊದಲ ವಾರದಿಂದಲೇ ಹಿಡಿಸಲಿಲ್ಲ. ಯಾವುದಾದರೂ ಚುಕ್ಕೆ ಕೆಂಪಾದರೆ ನಾನು ಕ್ರಮ ಪ್ರಕಾರ ಗಿರಾಕಿಗೆ ಒಂದು ಸೂಚನೆ ಕಳಿಸುತ್ತಿದ್ದೆ. ತಮ್ಮ ಸೇವೆಯು ಸ್ಥಗಿತಗೊಂಡಿದ್ದು ಕಾರಣವನ್ನು ಕೂಡಲೇ ತಿಳಿಸತಕ್ಕದ್ದು ಎಂದು ಶುದ್ಧ ಕನ್ನಡದಲ್ಲಿ. ಅವಳು ಫೋನೆತ್ತಿ, "ಎಂತ ಮಾರಾಯ್ರೆ, ಊಟ ಆಯ್ತಾ? ಆ ಪೆಟ್ಟಿಗೆಯಲ್ಲಿ ಬೆಳಕು ಉಂಟಾ ನೋಡಿ ಒಮ್ಮೆ" ಎನ್ನುತ್ತಿದ್ದಳು. ನನ್ನ ಸೂಚನೆಗೆ ಉತ್ತರ ಬರಲು ಮಧ್ಯಾಹ್ನವಾಗುತ್ತಿತ್ತು. ಅವಳ ಫೋನು ಮುಗಿಯುವಷ್ಟರಲ್ಲಿ ಚುಕ್ಕೆ ಹಸಿರಾಗುತ್ತಿತ್ತು.

ಇಷ್ಟೇ ಆಗಿದ್ದರೆ ನುಂಗಿಕೊಳ್ಳುತ್ತಿದ್ದೆ. ಕೆಲವು ತಿಂಗಳಲ್ಲಿ ಗಿರಾಕಿಗಳೇ ಅವಳಿಗೆ ಮೊದಲು ಫೋನ್ ಮಾಡಲು ಶುರು ಮಾಡಿದರು. ಪ್ಲಗ್ ಕೀಳುವ ಮೊದಲು ಅವಳಿಗೊಂದು ಮಾತು. "ಅಕ್ಕಾ, ಇಲ್ಲಿ ಗುಡುಗು ಶುರು ಆಯ್ತು, ತೆಗಿತೇನೆ ಆಯ್ತಾ." ನನ್ನ ಪರದೆ ಕೆಂಪಾಗುವುದು ಪ್ಲಗ್ ಕಿತ್ತ ಮೇಲೆ, ಅದೂ ನಮ್ಮ ಕಂಪ್ಯೂಟರ್ ಅವರ ಸರ್ವರನ್ನು ಮತ್ತೆ ಮತ್ತೆ ತಟ್ಟಿ ನೋಡಿ ಉತ್ತರ ಬಾರದಿದ್ದ ಮೇಲೆ. ಅಷ್ಟರಲ್ಲಿ ಸುಳ್ಯದವಳು ತನ್ನ ಕುರ್ಚಿಯಿಂದ, "ಮೇಡಂ, ಈಗ ನೆಟ್ಟಣ ಕೆಂಪಾಗ್ತದೆ ನೋಡಿ" ಎಂದು ಹೇಳಿಬಿಟ್ಟಿರುತ್ತಿದ್ದಳು. ಹೇಳಿ ಮುಗಿಸಿ ನನ್ನ ಕಡೆ ನೋಡಿ ನಗುತ್ತಿದ್ದಳು. ಆ ನಗೆಯಲ್ಲಿ ಕೊಂಕು ಇರಲಿಲ್ಲ, ಅದೇ ನನಗೆ ಕಷ್ಟವಾಗುತ್ತಿದ್ದದ್ದು. ಬೇಕರಿಯವರು ಒಂದು ದಿನ ಮೆಟ್ಟಿಲ ಬುಡದಲ್ಲಿ ನಿಂತು ನನ್ನನ್ನಲ್ಲ, ಅವಳನ್ನು ಕೂಗಿ ಕೇಳಿದರು. ಆ ಸಂಜೆ ನಾನು ಅವರ ಬನ್ನು ತೆಗೆದುಕೊಳ್ಳದೆ ಮನೆಗೆ ಹೋದೆ.

ಅಕ್ಕ ಎಂಬ ಆ ಒಂದು ಮಾತು ನನ್ನನ್ನು ಬಹಳ ಸುಟ್ಟಿತು. ಕಡಬದ ಸಂಘದ ಗುಮಾಸ್ತೆ ಐವತ್ತು ದಾಟಿದ ಹೆಂಗಸು. ನನ್ನ ಹತ್ತಿರ ಟೈಪಿಂಗ್ ಕಲಿಯುವಾಗಲೇ ಅವರ ತಲೆಯಲ್ಲಿ ಬಿಳಿಕೂದಲಿತ್ತು. ಅವರು ತಮಗಿಂತ ಎಷ್ಟೋ ಚಿಕ್ಕವಳಾದ ಇವಳನ್ನು ಅಕ್ಕ ಎನ್ನುತ್ತಿದ್ದರು. ನಮ್ಮ ಕಡೆ ಅಂಗಡಿಯಲ್ಲಿ, ಬಸ್ಸಿನಲ್ಲಿ ಯಾರನ್ನು ಬೇಕಾದರೂ ಅಕ್ಕ ಎನ್ನುತ್ತಾರೆ, ವಯಸ್ಸಿನ ಲೆಕ್ಕ ಹಿಡಿಯುವುದಿಲ್ಲ. ಹಾಗಾದರೆ ನಾನೇನು ಪಾಪ ಮಾಡಿದ್ದೆ? ನನ್ನ ಹತ್ತಿರ ಮಾತಾಡುವಾಗ ಅದೇ ಹೆಂಗಸು ಕುರ್ಚಿಯಿಂದ ಎದ್ದು ನಿಂತು ಮಾತಾಡುತ್ತಾರೆಂದು ಫೋನಿನಲ್ಲೇ ಗೊತ್ತಾಗುತ್ತಿತ್ತು.

ಕಡಬದ ಸಂಘ ನಾನು ತಂದ ಗಿರಾಕಿ. ಅವರ ಮನವೊಲಿಸಲು ನಾನೇ ಓಡಾಡಿದ್ದೆ, ಅವರ ಪೇಜನ್ನು ನಾನೇ ಕಟ್ಟಿಕೊಟ್ಟಿದ್ದೆ. ಬೆಳಗಾದರೆ ಆ ದಿನದ ರಬ್ಬರ್ ಧಾರಣೆ ನೋಡಲು ಸುತ್ತಲಿನ ಬೆಳೆಗಾರರೆಲ್ಲ ಅದನ್ನು ತೆರೆಯುತ್ತಾರೆ. ಪರದೆಯ ಮೇಲೆ ಮೊದಲು ಹತ್ತಿದ ಚುಕ್ಕೆ ಅದು. ಈ ವರ್ಷ ಏಪ್ರಿಲಿನಲ್ಲಿ, ಬಿಸು ಹಬ್ಬದ ಹೊತ್ತಿಗೆ ಧಣಿ, "ಮೇಡಂ, ನಿಮಗೆ ಕೆಲಸ ಜಾಸ್ತಿ ಆಯ್ತು. ಕಡಬದ ದಿನದ ಉಸ್ತುವಾರಿ ಸುಳ್ಯದವರು ನೋಡ್ಲಿ" ಎಂದರು. ನನಗೆ ಕೆಲಸ ಜಾಸ್ತಿಯಾಗಿದೆ ಎಂದು ನಾನು ಯಾರಿಗೂ ಹೇಳಿರಲಿಲ್ಲ. ಆಯಿತು ಎಂದೆ. ಆಮೇಲೆ ಕಡಬಕ್ಕೆ ಸಂಬಂಧಿಸಿದ ಯಾವುದನ್ನೂ ನಾನು ಮುಟ್ಟಲಿಲ್ಲ. ಚುಕ್ಕೆ ಕೆಂಪಾದರೆ ಸೂಚನೆ ಕಳಿಸುವುದು ಮಾತ್ರ ನನ್ನ ಪಾಲಿಗೆ ಉಳಿದಿತ್ತು, ಅದನ್ನು ಮಾತ್ರ ತಪ್ಪದೆ ಮಾಡಿದೆ.

ಮಳೆಗಾಲ ಹತ್ತಿರವಾಗುವ ಹೊತ್ತಿಗೆ ಕಡಬದ ಸಂಘದ ಕರಾರು ಮುಗಿಯುವುದರಲ್ಲಿತ್ತು. ಹೊಸ ಕರಾರಿನಲ್ಲಿ, ಏನೇ ಆದರೂ ಯಾರನ್ನು ಕರೆಯಬೇಕು ಎಂದು ಒಬ್ಬರ ಹೆಸರು ಬರೆಯಬೇಕಂತೆ. ಆ ಒಬ್ಬರು ಸುಳ್ಯದವಳಾಗಲಿ ಎಂದು ಸಂಘದ ಸೆಕ್ರೆಟರಿ ಕೇಳಿದ್ದಾರೆ ಎಂದು ಧಣಿ ನನಗೆ ಹೇಳಿದರು. ಹೇಳುವಾಗ ಅವರು ನನ್ನ ಮುಖ ನೋಡಲಿಲ್ಲ, ಮೇಜಿನ ಮೇಲಿನ ಕ್ಯಾಲೆಂಡರ್ ನೋಡುತ್ತಿದ್ದರು. "ನೀವಿಬ್ಬರೂ ಒಟ್ಟಿಗೆ ಹೋಗಿ, ಯಂತ್ರವನ್ನು ಪೂರ್ತಿ ನೋಡಿ ಬನ್ನಿ. ಅಲ್ಲೇ ಮಾತಾಡಿ ಒಂದು ತೀರ್ಮಾನ ಮಾಡಿ" ಎಂದರು. ತೀರ್ಮಾನ ಮಾಡಬೇಕಾದದ್ದು ಏನೂ ಉಳಿದಿಲ್ಲ ಎಂದು ಅವರಿಗೂ ನನಗೂ ಗೊತ್ತಿತ್ತು. ಕಡಬ ನನ್ನ ಕೈಬಿಟ್ಟು ಹೋಗುತ್ತಿತ್ತು.

ಹೊರಡುವ ಹಿಂದಿನ ದಿನ ಮಧ್ಯಾಹ್ನ, ಅವಳು ಊಟಕ್ಕೆ ಹೋದಾಗ, ಕಡಬದ ಅಪ್‌ಡೇಟುಗಳ ವರದಿ ತೆರೆದೆ. ಅದು ನಮ್ಮಿಬ್ಬರಿಗೂ ತೆರೆದೇ ಇರುವಂಥದ್ದು. ಬಿಸುವಿನಿಂದ ಈಚೆಗೆ ಅದನ್ನು ನೋಡಬಾರದೆಂಬುದು ನನ್ನದೇ ಹಟ. ನೋಡಿದರೆ ಬಿಸುವಿನ ನಂತರ ಅಲ್ಲಿ ಒಂದೇ ಒಂದು ಅಪ್‌ಡೇಟ್ ಇಲ್ಲ. ರಕ್ಷಣೆಯ ಸಾಫ್ಟ್‌ವೇರ್ ಅಂದಿನಿಂದ ಹಾಗೆಯೇ ಬಿದ್ದುಕೊಂಡಿದೆ. ಕಾರಣ ನನಗೆ ಕೂಡಲೇ ಹೊಳೆಯಿತು. ಹಗಲು ಸಂಘದ ಕೆಲಸಕ್ಕೆ ಅಡ್ಡಿಯಾಗಬಾರದೆಂದು ಅಪ್‌ಡೇಟ್ ಸಂಜೆ ತಾನಾಗಿ ನಡೆಯುವಂತೆ ಧಣಿ ಮೊದಲಿನಿಂದಲೂ ಇಟ್ಟಿದ್ದರು. ಸಂಜೆ ಎಂದರೆ ಗುಡುಗಿನ ಹೊತ್ತು. ಈ ವರ್ಷ ಆ ಚುಕ್ಕೆ ದಿನಾ ಸಂಜೆ ಕೆಂಪಾಗುತ್ತಿತ್ತು, ಗುಮಾಸ್ತೆ ಮೋಡ ಇರಲಿ ಬಿಡಲಿ, ಬಾಗಿಲು ಹಾಕುವಾಗಲೇ ಪ್ಲಗ್ ಕಿತ್ತು ಹೋಗುತ್ತಿದ್ದರು. ಬೆಳಗ್ಗೆ ಪ್ಲಗ್ ಹಾಕಿದರೆ ಪೇಜು ತೆರೆಯುತ್ತದೆ, ಚುಕ್ಕೆ ಹಸಿರಾಗುತ್ತದೆ, ಎಲ್ಲರಿಗೂ ಸಮಾಧಾನ. ತಪ್ಪಿಹೋದ ಅಪ್‌ಡೇಟನ್ನು ಕೇಳುವವರಿಲ್ಲ. ಬಾಗಿಲು ತೆರೆದಿದೆ, ಬೀಗ ತುಕ್ಕು ಹಿಡಿದಿದೆ.

ನನಗಾದ ಸಂತೋಷವನ್ನು ಹೇಗೆ ಹೇಳಲಿ. ಗಾಬರಿಯಾಗಬೇಕಿತ್ತು, ಆದದ್ದು ಸಂತೋಷ. ಎಲ್ಲರ ಹತ್ತಿರ ಊಟ ಆಯಿತಾ ಎಂದು ವಿಚಾರಿಸುವವಳಿಗೆ ಬೀಗದ ಸುದ್ದಿ ವಿಚಾರಿಸಲು ಪುರುಸೊತ್ತು ಆಗಲಿಲ್ಲ ಎಂದುಕೊಂಡೆ. ನಾಳೆ ಹೇಗೂ ಹೋಗುವುದಿದೆ, ಸೆಕ್ರೆಟರಿಯ ಎದುರಿಗೇ ಅಪ್‌ಡೇಟ್ ಮಾಡಿಸುತ್ತೇನೆ ಎಂದುಕೊಂಡೆ. ಮನೆಗೆ ಹೋಗಿ ಪಾಯಸ ಮಾಡಿದೆ. ಯಾವ ಹಬ್ಬ ಎಂದು ಗಂಡ ಕೇಳಿದರು.

ಮರುದಿನ ಬೆಳಗ್ಗೆ ಇಬ್ಬರೂ ಬಸ್ಸು ಹತ್ತಿದೆವು. ಕಂಡಕ್ಟರ್ ಅವಳಿಗೆ ಪರಿಚಯ. ಹಿಂದಿನ ಸೀಟಿನ ಮುದುಕಿ ಅವಳ ದೊಡ್ಡಮ್ಮನ ನೆಂಟರಂತೆ. ಉಪ್ಪಿನಂಗಡಿಯಲ್ಲಿ ಬಸ್ಸು ಬದಲಿಸಲು ಇಳಿದಾಗ ಅಲ್ಲಿನ ನಮ್ಮ ಗಿರಾಕಿ ಅಂಗಡಿಯ ಯಜಮಾನರೇ ರಸ್ತೆಬದಿಯಲ್ಲಿ ಎದುರಾದರು. ಅವಳ ಹತ್ತಿರ ಬ್ಯಾರಿಯಲ್ಲಿ ಏನೋ ಹೇಳಿ ಗಟ್ಟಿಯಾಗಿ ನಕ್ಕರು. ನನ್ನನ್ನು ಕಂಡು ನಗುವುದನ್ನು ನಿಲ್ಲಿಸಿ, "ನಮಸ್ಕಾರ ಮೇಡಂ, ನಿಮ್ಮ ಸೂಚನೆ ಸಿಕ್ಕಿದೆ" ಎಂದರು. ಯಾವ ಸೂಚನೆ ಎಂದು ನನಗೇ ನೆನಪಿರಲಿಲ್ಲ.

ಕಡಬದ ಬಸ್ಸಿನಲ್ಲಿ ಅವಳು ಕಿಟಕಿಯ ಸೀಟು ನನಗೆ ಬಿಟ್ಟುಕೊಟ್ಟಳು. ಬುತ್ತಿಯಿಂದ ಒಂದು ಕೊಟ್ಟಿಗೆ, ಎಂದರೆ ಎಲೆಯಲ್ಲಿ ಸುತ್ತಿ ಬೇಯಿಸಿದ ಕಡುಬು, ತೆಗೆದು, ಎಲೆ ಬಿಡಿಸಿ, "ತಿನ್ನಿ ಮೇಡಂ, ಬೆಳಿಗ್ಗೆ ಎಂತದೂ ತಿಂದಿರ್ಲಿಕ್ಕಿಲ್ಲ ನೀವು" ಎಂದಳು. ಹಲಸಿನ ಹಣ್ಣಿನ ಕೊಟ್ಟಿಗೆ. ನನಗೆ ಜೀವ ಅದು. ಹಸಿವಿಲ್ಲ ಎಂದೆ. ಕಡಬ ಬರುವವರೆಗೂ ಅದರ ವಾಸನೆ ನನ್ನ ಮೂಗಿನಲ್ಲೇ ಇತ್ತು, ನನ್ನ ಕೈಚೀಲದಲ್ಲಿ ಪ್ರಿಂಟ್ ತೆಗೆದಿಟ್ಟ, ಅವಳ ವಿರುದ್ಧದ ವರದಿ ಇತ್ತು.

ಸಂಘದ ಆಫೀಸು ಎಂದರೆ ಎರಡು ಕೋಣೆ. ಹಿಂದಿನ ಕೋಣೆಯಲ್ಲಿ ಪೇರಿಸಿಟ್ಟ ರಬ್ಬರ್ ಶೀಟುಗಳ ಹೊಗೆವಾಸನೆ, ಮುಂದಿನ ಕೋಣೆಯಲ್ಲಿ ಸೆಕ್ರೆಟರಿಯ ಮೇಜು, ಗುಮಾಸ್ತೆಯ ಮೇಜು, ಮೂಲೆಯಲ್ಲಿ ಸರ್ವರು. ಅದರ ಮೇಲಿನ ಗೋಡೆಯಲ್ಲಿ ದೇವರ ಪಟ. ಗುಮಾಸ್ತೆ ಸುಳ್ಯದವಳನ್ನು ಕಂಡು, "ಬನ್ನಿ ಅಕ್ಕಾ, ಬಸ್ಸಲ್ಲಿ ಸೀಟು ಸಿಕ್ಕಿತಾ?" ಎಂದು ಕೈಹಿಡಿದರು. ನನ್ನನ್ನು ಕಂಡು ಎದ್ದುನಿಂತರು.

ಸೆಕ್ರೆಟರಿ ಒಳ್ಳೆಯ ಮನುಷ್ಯ. ಮಜ್ಜಿಗೆ ತರಿಸಿದರು. "ಕರಾರಿನ ವಿಷಯ ಧಣಿಯವರು ಹೇಳಿರ್ಬೇಕಲ್ವಾ ಮೇಡಂ? ನಿಮ್ಮ ಮೇಲೆ ಏನೂ ಬೇಜಾರಿಲ್ಲ. ಇವರಾದ್ರೆ ಫೋನಿಗೆ ಸಿಗ್ತಾರೆ, ಅಷ್ಟೇ" ಎಂದರು.

ನಾನು ಮಜ್ಜಿಗೆಯ ಲೋಟ ಕೆಳಗಿಟ್ಟೆ. ಹಿಂದಿನ ದಿನದಿಂದ ಮನಸ್ಸಿನಲ್ಲೇ ಹೇಳಿ ಹೇಳಿ ನುಣ್ಣಗಾಗಿದ್ದ ಮಾತು ತಾನಾಗಿ ಹೊರಬಂತು. "ಫೋನಿಗೆ ಸಿಗುವುದು ದೊಡ್ಡದಲ್ಲ. ನಿಮ್ಮ ಯಂತ್ರಕ್ಕೆ ಬಿಸುವಿನಿಂದ ಈಚೆಗೆ ಒಂದು ಅಪ್‌ಡೇಟೂ ಆಗಿಲ್ಲ. ಯಾರಾದರೂ ನುಗ್ಗಿದರೆ ನಿಮ್ಮ ಸದಸ್ಯರ ವಿವರವೆಲ್ಲ ಅವರ ಕೈಯಲ್ಲಿ. ಇದನ್ನು ನಿಮಗೆ ಯಾರೂ ಹೇಳಿಲ್ಲ, ಅಲ್ಲವಾ?"

ಸೆಕ್ರೆಟರಿಯ ಮುಖ ಕಪ್ಪಿಟ್ಟಿತು. ಅವರು ಸುಳ್ಯದವಳನ್ನು ನೋಡಿದರು. ನಾನು ಮಾತ್ರ ನೋಡಲಿಲ್ಲ, ಆ ಸುಖವನ್ನು ಸ್ವಲ್ಪ ಹೊತ್ತು ಹಾಗೇ ಇಟ್ಟುಕೊಳ್ಳೋಣ ಎಂದು.

ಮಾತಾಡಿದ್ದು ಗುಮಾಸ್ತೆ. "ಎಂತ ಮೇಡಂ, ದಿನಾ ಮಾಡ್ತೇನಲ್ಲ ನಾನು" ಎಂದರು.

"ಏನು ಮಾಡ್ತೀರಿ?"

"ಅಪ್‌ಡೇಟು. ಬೆಳಿಗ್ಗೆ ಬಂದು ಬಾಗಿಲು ತೆಗ್ದು, ಗುಡಿಸಿ, ಪ್ಲಗ್ ಹಾಕಿ, ಅಲ್ಲಿ ಪರದೆ ಮೇಲೆ ಅಕ್ಕ ಇಟ್ಟುಕೊಟ್ಟ ಬಟನ್ ಒಂದು ಉಂಟಲ್ಲ, ಅದನ್ನು ಒತ್ತುದು. ಒತ್ತಿದ ಮೇಲೆ ದೇವರಿಗೆ ಊದುಬತ್ತಿ ಹಚ್ಚುದು. ಊದುಬತ್ತಿ ಪೂರ್ತಿ ಉರಿದು ಬೂದಿ ಆಗುವವರೆಗೆ ಯಂತ್ರ ಮುಟ್ಲಿಕ್ಕಿಲ್ಲ, ಪ್ಲಗ್ ತೆಗೀಲಿಕ್ಕಿಲ್ಲ, ಯಾರು ಬಂದ್ರೂ ಧಾರಣೆ ಹಾಕ್ಲಿಕ್ಕಿಲ್ಲ. ಬತ್ತಿ ಮುಗಿಯುವಾಗ ಅದೂ ಮುಗಿದಿರ್ತದೆ." ಅವರು ದೇವರ ಪಟದ ಕೆಳಗೆ ಕೈತೋರಿಸಿದರು. ಅಲ್ಲಿ ಆ ದಿನದ ಬೂದಿ ಬಾಗಿಕೊಂಡು ನಿಂತಿತ್ತು.

ನಾನು ಹೋಗಿ ಯಂತ್ರದ ಮುಂದೆ ಕುಳಿತೆ. ಎಲ್ಲ ಸರಿಯಾಗಿತ್ತು. ಕೊನೆಯ ಅಪ್‌ಡೇಟ್ ಆದದ್ದು ಅದೇ ಬೆಳಗ್ಗೆ. ಅದರ ಹಿಂದಿನದು ಅದರ ಹಿಂದಿನ ಬೆಳಗ್ಗೆ, ರಜೆ ಬಿಟ್ಟು ಒಂದೂ ತಪ್ಪಿರಲಿಲ್ಲ. ನಮ್ಮ ವರದಿಗೆ ಬರುವುದು ಸಂಜೆ ತಾನಾಗಿ ನಡೆದ ಅಪ್‌ಡೇಟ್ ಮಾತ್ರ. ಕೈಯಿಂದ ಮಾಡಿದ್ದು ದರ್ಬೆಯವರೆಗೆ ಬರುವುದಿಲ್ಲ. ಇದು ನನಗೆ ಗೊತ್ತಿರದ ಸಂಗತಿಯೇನಲ್ಲ. ಸಂತೋಷದಲ್ಲಿ ಅದು ನೆನಪಿಗೆ ಬಂದಿರಲಿಲ್ಲ.

ಸೆಕ್ರೆಟರಿ, "ಹಾಗಾದ್ರೆ ಆಗಿದೆಯಾ ಮೇಡಂ, ಆಗಿಲ್ಲವಾ?" ಎಂದು ಕೇಳಿದರು.

"ಆಗಿದೆ" ಎಂದೆ.

ಆಗ ಸುಳ್ಯದವಳು ಬಾಯಿಬಿಟ್ಟಳು. "ಮೇಡಂ ಬರೆದಿಟ್ಟ ಕ್ರಮವೇ ಅದು. ಸಂಜೆಯದ್ದು ತಪ್ಪಿದ್ರೆ ಬೆಳಿಗ್ಗೆ ಕೈಯಲ್ಲೇ ಮಾಡ್ಬೇಕು ಅಂತ ಅವ್ರೇ ಬರ್ದದ್ದು. ನಾನು ಓದಿ ಹೇಳಿದ್ದು ಅಷ್ಟೇ."

ನಿಜ, ನಾನು ಹಾಗೆ ಬರೆದಿದ್ದೆ. ಸಂಘಕ್ಕೆ ಯಂತ್ರ ಕೂರಿಸಿದಾಗ ಕೊಟ್ಟ ಸೂಚನೆಗಳ ಕೊನೆಯಲ್ಲೆಲ್ಲೋ, ಕೈಯಾರೆ ನಿರ್ವಹಿಸತಕ್ಕದ್ದು ಎಂದು. ಎಷ್ಟು ಹೊತ್ತು ಕಾಯಬೇಕು, ಯಾವಾಗ ಶುರು ಮಾಡಬೇಕು, ಮರೆಯದಿರಲು ಏನು ಮಾಡಬೇಕು ಎಂದು ನಾನು ಬರೆದಿರಲಿಲ್ಲ. ಊದುಬತ್ತಿ ನನಗೆ ಹೊಳೆದಿರಲಿಲ್ಲ. ನೂರು ವರ್ಷ ಕೂತು ಯೋಚಿಸಿದರೂ ಹೊಳೆಯುತ್ತಿರಲಿಲ್ಲ. ಆ ಹೆಂಗಸು ಏನನ್ನು ಮರೆತರೂ ದೇವರಿಗೆ ಊದುಬತ್ತಿ ಹಚ್ಚುವುದನ್ನು ಮರೆಯುವವರಲ್ಲ ಎಂದು ತಿಳಿಯಬೇಕಾದರೆ ಊಟ ಆಯಿತಾ ಎಂದು ಬಹಳ ಸಲ ಕೇಳಿರಬೇಕು.

ಸೆಕ್ರೆಟರಿಗೆ ಸಮಾಧಾನವಾಯಿತು. ಇಬ್ಬರೂ ಸೇರಿ ಒಳ್ಳೆಯ ಕೆಲಸ ಮಾಡಿದ್ದೀರಿ ಎಂದರು. ಹೊಗಳಿಕೆಯಲ್ಲಿ ಅರ್ಧ ಪಾಲನ್ನು ಅವಳು ನನಗೆ ಕೊಟ್ಟಿದ್ದಳು, ನಾನು ಕೇಳದೆ. ಬೇರೆ ಯಾರಾದರೂ ಆಗಿದ್ದರೆ ನನ್ನ ಮುಖಕ್ಕೆ ಹೊಡೆದಂತೆ ಮಾತಾಡುತ್ತಿದ್ದರು, ಅದಾಗಿದ್ದರೆ ನಾನೂ ನೆಮ್ಮದಿಯಿಂದ ಜಗಳವಾಡುತ್ತಿದ್ದೆ. ಕೈತುಂಬ ಇದ್ದವರು ಮಾತ್ರ ಹೀಗೆ ಕೊಡಬಲ್ಲರು ಎಂದು ನನಗೆ ಅನ್ನಿಸಿತು. ಅದಕ್ಕೇ ಹೊಟ್ಟೆ ಇನ್ನೂ ಹೆಚ್ಚು ಉರಿಯಿತು. ಕರಾರಿನಲ್ಲಿ ಅವಳ ಹೆಸರು ಬರೆದರು. ನಾನು ಸಾಕ್ಷಿಯ ಜಾಗದಲ್ಲಿ ಸಹಿ ಹಾಕಿದೆ.

ಹಿಂದಿರುಗುವ ಬಸ್ಸಿನಲ್ಲಿ ಕೇಳಿದೆ. "ಕೈಯಲ್ಲಿ ಮಾಡಿಸ್ತಾ ಇದ್ದೇನೆ ಅಂತ ನನಗೆ ಒಂದು ಮಾತು ಹೇಳಬಹುದಿತ್ತಲ್ಲ?"

"ಹೇಳುವ ಅಂತ ಇತ್ತು ಮೇಡಂ. ಬಿಸುವಿನ ಮೇಲೆ ನೀವು ನನ್ನ ಹತ್ರ ಮಾತಾಡಿದ್ದೇ ಕಡ್ಮೆ. ಕಡಬ ಅಂದ ಕೂಡ್ಲೇ ನೀವು ಎದ್ದು ಹೋಗ್ತೀರಿ" ಎಂದಳು. ದೂರುವ ದನಿಯಲ್ಲ, ಹವಾಮಾನ ಹೇಳಿದ ಹಾಗೆ ಹೇಳಿದಳು. ಆಮೇಲೆ ಬುತ್ತಿಯಲ್ಲಿ ಉಳಿದ ಕೊಟ್ಟಿಗೆ ಬಿಡಿಸಿ ನನ್ನ ಮಡಿಲಲ್ಲಿಟ್ಟಳು. ಈ ಸಲ ತಿಂದೆ. ಹಾಳು ಕೊಟ್ಟಿಗೆ, ಬಹಳ ಚೆನ್ನಾಗಿತ್ತು.

ಅದಾಗಿ ಕೆಲವು ದಿನ ಕಳೆದಿರಬಹುದು. ಸುಳ್ಯದವಳು ನೆಂಟರ ಮನೆಯ ನಿಶ್ಚಿತಾರ್ಥಕ್ಕೆಂದು ರಜೆ ಹಾಕಿದ್ದಳು. ಅವಳ ಊರಿನ ಕಡೆ ಗುಡ್ಡದಾಚೆ ಇಳಿದರೆ ಮೊಬೈಲಿಗೆ ಸಿಗ್ನಲ್ ಇಲ್ಲ. ಧಣಿಯೂ ಹೊರಗೆ ಹೋಗಿದ್ದರು. ಆಫೀಸಿನಲ್ಲಿ ನಾನೊಬ್ಬಳೇ. ಪರದೆಯ ಮೇಲೆ ಎಲ್ಲ ಹಸಿರು. ಕಿಟಕಿಯಿಂದ ನೋಡಿದರೆ ದರ್ಬೆಯ ರಸ್ತೆಯಲ್ಲಿ ಇನ್ನೂ ಒಳ್ಳೆಯ ಬಿಸಿಲು, ಮಕ್ಕಳು ಶಾಲೆ ಬಿಟ್ಟು ಬರುವ ಹೊತ್ತು. ಮಧ್ಯಾಹ್ನದಿಂದ ಅವಳ ಮೇಜು ಖಾಲಿ ಇರುವುದನ್ನು ನಾನು ಸುಖವಾಗಿ ನೋಡುತ್ತಿದ್ದೆ. ಇವತ್ತು ಗುಡುಗು ಬಂದರೆ ಮೊದಲು ತಿಳಿಯುವವಳು ನಾನೇ ಎಂದುಕೊಂಡಿದ್ದೆ. ಆ ಮೇಜಿನ ಮೇಲಿನ ಆಫೀಸಿನ ಫೋನು ಬಡಿದುಕೊಂಡಿತು. ಎದ್ದು ಹೋಗಿ ಎತ್ತಿದೆ. ಲೈನಿನ ತುಂಬ ಪಟಪಟ ಸದ್ದು.

"ಅಕ್ಕಾ" ಎಂದಿತು ಆಚೆಯ ದನಿ. ಕಡಬದ ಗುಮಾಸ್ತೆ. "ನಿಮ್ಮ ಮೊಬೈಲು ಸಿಗುದೇ ಇಲ್ಲ. ಅದಕ್ಕೆ ಇದಕ್ಕೆ ಮಾಡಿದ್ದು. ಇಲ್ಲಿ ಮೂಡು ಪೂರಾ ಕಪ್ಪು. ಗುಡುಗು ಬರ್ತಾ ಉಂಟು. ಇವತ್ತು ಬೇಗ ತೆಗಿತೇನೆ ಆಯ್ತಾ?"

ನಾನು ಮೇಡಂ ಮಾತಾಡುವುದು ಎಂದು ಹೇಳಬೇಕಿತ್ತು. ಬಾಯಿ ತೆರೆದದ್ದೂ ಹೌದು. ಹೇಳಿದರೆ ಆ ಹೆಂಗಸು ಅಲ್ಲಿ ಎದ್ದು ನಿಲ್ಲುತ್ತಾರೆ ಎಂದು ಗೊತ್ತಿತ್ತು.

"ಹಾಂ. ತೆಗೀರಿ" ಎಂದೆ, ಸಣ್ಣ ದನಿಯಲ್ಲಿ.

"ಬೆಳಿಗ್ಗೆ ಬಂದ ಕೂಡ್ಲೇ ಮಾಡ್ತೇನೆ. ಊದುಬತ್ತಿ ಉಂಟು." ಸಿಡಿಲಿನ ಸದ್ದು ಲೈನಿನಲ್ಲೇ ಕೇಳಿಸಿತು. "ಮತ್ತೆ ಅಕ್ಕಾ, ಒಂದು ಉಪಕಾರ ಮಾಡಿ. ಆ ಮೇಡಂ ಹತ್ರ ಹೇಳ್ಬೇಡಿ ಆಯ್ತಾ. ಕೆಂಪು ಕಂಡ ಕೂಡ್ಲೇ ಸೂಚನೆ ಬರ್ತದೆ ಅವ್ರದ್ದು. ಅದು ಓದುವಾಗ ನನಗೆ ಕೈಕಾಲು ನಡುಗ್ತದೆ. ಪಾಪ, ಅವ್ರು ಅವ್ರ ಕೆಲ್ಸ ಮಾಡುದು. ಆದ್ರೂ."

"ಇಲ್ಲ" ಎಂದೆ. "ಹೇಳುದಿಲ್ಲ."

"ನೀವು ಜಾಗ್ರತೆ ಅಕ್ಕಾ. ನಿಮ್ಮಲ್ಲಿಗೂ ಬರ್ತದೆ ಈಗ" ಎಂದು ಅವರು ಫೋನಿಟ್ಟರು.

ನಾನು ಅವಳ ಕುರ್ಚಿಯಲ್ಲೇ ಕುಳಿತೆ. ಅಲ್ಲಿಂದ ಪರದೆ ಸ್ವಲ್ಪ ಓರೆಯಾಗಿ ಕಾಣುತ್ತದೆ. ನೆಟ್ಟಣದ ಚುಕ್ಕೆ ಆಗಷ್ಟೇ ಕೆಂಪಾಗಿತ್ತು, ಕಡಬದ್ದು ಇನ್ನೂ ಹಸಿರಾಗಿಯೇ ಇತ್ತು. ಅದು ಕೆಂಪಾಗುತ್ತದೆ ಎಂದು ಆ ಹೊತ್ತಿನಲ್ಲಿ ದರ್ಬೆಯಲ್ಲಿ ನನಗೊಬ್ಬಳಿಗೇ ಗೊತ್ತಿತ್ತು, ನಾನೇ ಹಾಕಿಸಿದ ಪರದೆಗೂ ಗೊತ್ತಿರಲಿಲ್ಲ. ಕೆಳಗೆ ಹೋಗಿ ಬೇಕರಿಯವರಿಗೆ ಕಡಬಕ್ಕೆ ಮುಟ್ಟಿತು ಎಂದು ಹೇಳಿಬಂದೆ. ಹತ್ತಿ ಬರುವಾಗ ಚುಕ್ಕೆ ಕೆಂಪಾಗಿತ್ತು. ಪರದೆಯ ಮೂಲೆಯಲ್ಲಿ ಎಂದಿನಂತೆ ನನ್ನ ಸೂಚನೆ ಸಿದ್ಧವಾಗಿ ನಿಂತಿತ್ತು, ಕಳಿಸಲು ಒಂದು ಸಲ ಒತ್ತಿದರೆ ಆಯಿತು. ಒತ್ತಲಿಲ್ಲ. ಹೊಟ್ಟೆಕಿಚ್ಚು ಆರಿತು ಎಂದಲ್ಲ, ಅದು ಇದ್ದಲ್ಲೇ ಇತ್ತು. ಮಾತು ಕೊಟ್ಟಿದ್ದೆ, ಅದಕ್ಕೆ.

ಮರುದಿನ ಸುಳ್ಯದವಳು ಬಂದಳು. ನಿಶ್ಚಿತಾರ್ಥದ ಮನೆಯ ಸಿಹಿ ನನ್ನ ಮೇಜಿನ ಮೇಲಿಟ್ಟು, ಕುರ್ಚಿ ಎಳೆದು ಕುಳಿತು, ಪರದೆಯ ಕಡೆ ನೋಡಿದಳು. ಕಡಬದ ಚುಕ್ಕೆ ಹಸಿರಾಗಿತ್ತು. ಅಲ್ಲಿ ಈಗಷ್ಟೇ ಊದುಬತ್ತಿ ಉರಿದು ಮುಗಿದಿರಬೇಕು ಎಂದು ನನಗೆ ಅನ್ನಿಸಿತು.

"ನಿನ್ನೆ ಕಡಬದಿಂದ ಫೋನ್ ಬಂದಿತ್ತಾ ಮೇಡಂ? ಮೊಬೈಲ್ ಸಿಗದೆ ಅವ್ರು ಆಫೀಸಿಗೆ ಮಾಡಿರ್ಬಹುದು ಅಂತ" ಎಂದು ಕೇಳಿದಳು.

ಅವಳಿಗೆ ಅಂಥ ಫೋನು ದಿನಕ್ಕೆ ಎಷ್ಟೋ ಬರುತ್ತವೆ. ಒಂದು ಕಡಿಮೆಯಾದರೆ ಅವಳಿಗೆ ತಿಳಿಯುವುದೂ ಇಲ್ಲ. ನನ್ನನ್ನು ಅಕ್ಕ ಎಂದದ್ದು ಅದೊಂದೇ.

"ಇಲ್ಲ" ಎಂದೆ. "ಯಾರೂ ಮಾಡಲಿಲ್ಲ."